ನೆಲದ ಮೇಲಿಟ್ಟ ನೀರು

ಚಹಾ ಕೊಡುವಾಗ ಬಲಗೈಯಲ್ಲಿ ಬಟ್ಟಲು, ಎಡಗೈ ಎದೆಯ ಮೇಲೆ. ಸೊಸೆಯಾಗಿ ಬಂದವಳು ಹಾಗೆಯೇ ಕೊಡಬೇಕು. ಮುಚ್ಚಿಡಬೇಕಾದ ಕೈಯೇ ಎಲ್ಲರ ಕಣ್ಣೆದುರು ಬಂದು ನಿಲ್ಲುತ್ತದೆ ಎಂಬುದು ಜಿಪಾರ್‌ಗೆ ಮೊದಲ ಬಟ್ಟಲು ಬಗ್ಗಿಸುವಾಗಲೇ ಹೊಳೆಯಿತು. ಅಂಗಿಯ ತೋಳನ್ನು ಬೆರಳ ತುದಿಯವರೆಗೂ ಎಳೆದುಕೊಂಡಳು. ಹೆಬ್ಬೆರಳ ಬುಡಕ್ಕೆ ಸುತ್ತಿದ ಬಟ್ಟೆಯ ಕೆಳಗೆ ಗಾಯ ತನ್ನದೇ ಒಂದು ನಾಡಿ ಇಟ್ಟುಕೊಂಡು ಮಿಡಿಯುತ್ತಿತ್ತು. ಸಮೋವರಿನ ಹೊಟ್ಟೆಯಲ್ಲಿ ಅವಳ ಮುಖ ಅಗಲವಾಗಿ, ಬಾಯಿಯೇ ಇಲ್ಲದ ಮುಖದ ಹಾಗೆ ಕಾಣುತ್ತಿತ್ತು. ನೆಲಕ್ಕೆ ಹಾಸಿದ ಊಟದ ಬಟ್ಟೆಯ ಆಚೆ ಮಾವ. ಬಾಗಿಲಿಗೆ ದೂರದ ಗೌರವದ ಜಾಗದಲ್ಲಿ ಶಾರ್ಶೆನ್. ಬೇಟೆನಾಯಿಯ ವಿಷಯದಲ್ಲಿ ಈ ಕಣಿವೆಯಲ್ಲಿ ಕೊನೆಯ ಮಾತು ಅವನದು. ಅವನನ್ನು ಕರೆಸಿದ್ದು ಮಾವನ ಬೇಟೆನಾಯಿ ಅಲ್ಗಿರ್‌ನನ್ನು ನೋಡಲು. ಅಲ್ಗಿರ್ ಒಂದು ವಾರದಿಂದ ತಲೆಯನ್ನು ಎಡಕ್ಕೆ ವಾಲಿಸಿಕೊಂಡು, ಯಾರೋ ದೂರದಲ್ಲಿ ಕರೆದದ್ದನ್ನು ಕೇಳಿಸಿಕೊಳ್ಳುವವನ ಹಾಗೆ ಅಂಗಳದಲ್ಲಿ ನಿಂತಿರುತ್ತಿತ್ತು. ಆಮೇಲೆ ಸುಮ್ಮಸುಮ್ಮನೆ ಸುತ್ತು ಹಾಕುತ್ತಿತ್ತು. ನಿನ್ನೆ ಮಾವ ಕತ್ತು ಸವರಲು ಹೋದರೆ ಹಲ್ಲು ತೋರಿಸಿತು. 

"ಇದೇನು ಕೆಲಿನ್, ಕೈಗೆ?" ಶಾರ್ಶೆನ್ ಬಟ್ಟಲು ತೆಗೆದುಕೊಳ್ಳುತ್ತಾ ಕೇಳಿದ.

ಈ ಮನೆಯಲ್ಲಿ ಅವಳಿಗೆ ಹೆಸರಿಲ್ಲ. ಬಂದ ದಿನದಿಂದ ಕೆಲಿನ್, ಸೊಸೆ. ಅವಳು ತಲೆ ತಗ್ಗಿಸಿದಳು. ಏನೂ ಇಲ್ಲ, ಚಾಕು ತಾಗಿತು ಎನ್ನಬಹುದಿತ್ತು. ಸುಳ್ಳು ಹೇಳುವುದಕ್ಕೂ ಬಾಯಿ ತೆರೆಯಬೇಕಲ್ಲ. ಅತ್ತೆ ರೊಟ್ಟಿ ಮುರಿಯುತ್ತಿದ್ದವರು ಅದನ್ನು ಬಿಟ್ಟು ಅವಳ ಮಣಿಕಟ್ಟು ಹಿಡಿದು ಬಟ್ಟೆ ಬಿಚ್ಚಿದರು. ಎರಡು ತೂತು. ಒಂದು ಆಳವಾಗಿತ್ತು, ಇನ್ನೊಂದು ಬರೀ ಗೀರು.

"ಅಯ್ಯೋ, ನಾಯಿ ಕಚ್ಚಿದೆ! ಯಾವಾಗ ಕಚ್ತು? ಯಾಕೆ ಹೇಳ್ಲಿಲ್ಲ ನೀನು? ಮೂಗಿಯಾ?"

"ಅಲ್ಗಿರಾ?" ಎಂದರು ಮಾವ. ಅವಳನ್ನಲ್ಲ, ಗಾಯವನ್ನು ಕೇಳುವವರ ಹಾಗೆ.

ಅವಳ ಮೌನ ಹೌದು ಎಂದಾಯಿತು. ಅವಳ ಮೌನ ಯಾವಾಗಲೂ ಇನ್ನೊಬ್ಬರಿಗೆ ಬೇಕಾದದ್ದೇ ಆಗುತ್ತದೆ. ಮದುವೆ ಗೊತ್ತಾದದ್ದೂ ಹಾಗೆಯೇ. ಅಜ್ಜಿಯೊಬ್ಬಳು ಬಂದು ಬಿಳಿಯ ವಸ್ತ್ರ ತಲೆಗೆ ಹಾಕಿ, ಸುಮ್ಮನಿದ್ದಾಳೆ, ಒಪ್ಪಿದ್ದಾಳೆ ಎಂದಿದ್ದಳು. ಆ ದಿನ ಯಾರೋ, ಹುಡುಗಿ ಪಶುವೈದ್ಯೆ, ಪಟ್ಟಣದಲ್ಲಿ ಓದಿದವಳು ಎಂದು ಹೆಮ್ಮೆಯಿಂದ ಹೇಳಿದಾಗ ಇದೇ ಶಾರ್ಶೆನ್ "ನಾಯಿ ಡಾಕ್ಟರಾ? ಒಳ್ಳೇದಾಯ್ತು, ಎರ್ಮೆಕ್‌ಗೆ ಬಾಲ ಇದ್ಯಾ ನೋಡ್ತಾಳೆ" ಎಂದು ನಗಿಸಿದ್ದ. ಎರ್ಮೆಕ್ ಅವಳ ಗಂಡ. ಅವನೂ ನಕ್ಕಿದ್ದ. ಈಗ ಅವನು ಚಳಿಗಾಲದ ಹುಲ್ಲುಗಾವಲಿನಲ್ಲಿ ಕುರಿಗಳ ಜೊತೆಗಿದ್ದಾನೆ. ಇದ್ದಿದ್ದರೂ ಬಟ್ಟಲು ಖಾಲಿಯಾಗಿದೆ ಎಂದು ಸನ್ನೆ ಮಾಡುತ್ತಿದ್ದ, ಅಷ್ಟೆ. ಬಂದ ಹೊಸದರಲ್ಲಿ, ಕುರಿ ಕೊಯ್ದ ದಿನ ನೀರುಗುಳ್ಳೆ ತುಂಬಿದ ಶ್ವಾಸಕೋಶವನ್ನು ಅತ್ತೆ ಹಸಿಯಾಗಿಯೇ ನಾಯಿಗಳಿಗೆ ಎಸೆದಾಗ, ಅವಳು ಮೆಲ್ಲಗೆ, ಅಪಾ ಎಂದು ಅತ್ತೆಯನ್ನು ಕರೆದು, ಬೇಯಿಸಿ ಹಾಕೋಣ, ಇಲ್ಲದಿದ್ದರೆ ಹುಳು ನಾಯಿಯಿಂದ ನಮಗೆ ಬರುತ್ತೆ, ನಾಯಿಗೂ ಮಾತ್ರೆ ಕೊಡಬೇಕು ಎಂದಿದ್ದಳು. ಅತ್ತೆ ಓಣಿಯ ಹೆಂಗಸರನ್ನೆಲ್ಲ ಕರೆದು ಹೇಳಿದ್ದರು: "ಕೇಳಿದ್ರಾ? ನಾಯಿಗೆ ಮಾತ್ರೆಯಂತೆ! ನಾಯಿ ಊಟ ಬೇಯಿಸಬೇಕಂತೆ, ಉಪ್ಪು ನೋಡಿ ಕೊಡ್ಬೇಕೇನೋ!" ಅಂದಿನಿಂದ ಅವಳು ನೋಡುವುದನ್ನು ಕಲಿತಳು. ನೋಡುವುದಕ್ಕೆ ಯಾರೂ ನಗುವುದಿಲ್ಲ.

ಹಾಗಾಗಿ ಅಲ್ಗಿರ್‌ನ ಕಿವಿಯನ್ನು ಮೊದಲ ದಿನದಿಂದಲೇ ನೋಡಿದ್ದಳು. ನರಿಯ ಹಿಂದೆ ಓಡಿ ಬಂದ ಸಂಜೆ ಮೈಗೆಲ್ಲ ಒಣ ತೆನೆಹುಲ್ಲು ಅಂಟಿಸಿಕೊಂಡು ಬಂದಿತ್ತು. ಮಾರನೆಯ ದಿನವೇ ತಲೆ ಒದರಲು ಶುರು ಮಾಡಿತು. ಆಮೇಲೆ ಹಿಂಗಾಲಿನಿಂದ ಕೆರೆತ, ಆಮೇಲೆ ವಾಲಿದ ತಲೆ, ಆಮೇಲೆ ಹುಳಿ ವಾಸನೆ. ತುರಿಯ ಹುಳವಾಗಿದ್ದರೆ ಎರಡೂ ಕಿವಿ ಕೆರೆಯುತ್ತಿತ್ತು, ಕಾಫಿಪುಡಿಯಂಥ ಕೊಳೆ ಬರುತ್ತಿತ್ತು. ಇದು ಒಂದೇ ಕಿವಿ. ಆ ಹುಲ್ಲಿನ ಬೀಜಕ್ಕೆ ಸೂಜಿಯಂಥ ಮೂತಿ, ಹಿಂದಕ್ಕೆ ಬಾಗಿದ ಕೂದಲು. ಒಳಗೆ ಹೋಗುವುದು ಮಾತ್ರ ಗೊತ್ತು ಅದಕ್ಕೆ. ನೋವಿನಿಂದ ನಾಯಿ ತಲೆ ಬಗ್ಗಿಸಲಾರದು, ಬಗ್ಗಿಸಿದರೆ ಕಿವಿಯಲ್ಲಿ ಕಬ್ಬಿಣ ಕಾಯಿಸಿ ಇಟ್ಟ ಹಾಗೆ. ಅದಕ್ಕೇ ನೆಲದ ಮೇಲಿಟ್ಟ ಬೋಗುಣಿಯಿಂದ ಅದು ನೀರು ಕುಡಿಯುತ್ತಿರಲಿಲ್ಲ. ಯಾರೂ ಏಳುವ ಮೊದಲು ಅವಳು ಬೋಗುಣಿಯನ್ನು ಸೌದೆ ಒಡೆಯುವ ದಿಮ್ಮಿಯ ಮೇಲೆ ಇಡುತ್ತಿದ್ದಳು. ಅದರ ಎದೆಯ ಎತ್ತರಕ್ಕೆ. ಆಗ ಅದು ಕುಡಿಯುತ್ತಿತ್ತು, ಕಣ್ಣು ಮುಚ್ಚಿಕೊಂಡು, ಬಹಳ ಹೊತ್ತು. ಕುಡಿದಾದ ಮೇಲೆ ಅವಳು ಬೋಗುಣಿಯನ್ನು ಮತ್ತೆ ನೆಲಕ್ಕಿಡುತ್ತಿದ್ದಳು. ಯಾಕೆ ಇಡುತ್ತಿದ್ದಳು? ಅತ್ತೆ ಕಂಡು ಕೇಳಿದರೆ ಉತ್ತರ ಹೇಳಬೇಕಾಗುತ್ತದಲ್ಲ ಎಂದು.

ಈ ದಿನ ಬೆಳಿಗ್ಗೆ ಮಾವ ಶಾರ್ಶೆನ್‌ನನ್ನು ಕರೆಯಲು, ಅತ್ತೆ ಹಾಲು ಕರೆಯಲು ಹೋದಾಗ ಅವಳು ತನ್ನ ಮದುವೆಯ ಸಂದೂಕ ತೆರೆದು, ರೇಷ್ಮೆಯ ಹೊದಿಕೆಗಳ ಅಡಿಯಿಂದ ಮೊಸಳೆಮೂತಿಯ ಚಿಮಟ ತೆಗೆದಿದ್ದಳು. ಕೈದೀಪ ಬಾಯಲ್ಲಿ ಕಚ್ಚಿಕೊಂಡು ಕಿವಿಯ ಮಡಿಕೆ ಬಿಡಿಸಿದಾಗ ಆಳದಲ್ಲಿ, ಕೆಂಪಿನ ನಡುವೆ, ಒಣಹುಲ್ಲಿನ ಒಂದು ಎಳೆ ಕಂಡಿತು. ಅವಳಿಗೆ ಆದದ್ದು ಸಂತೋಷ. ನಾಯಿಗಾಗಿ ಅಲ್ಲ, ತನಗಾಗಿ. ಮೊದಲು ಬಾಯಿ ಕಟ್ಟದೆ ನೋವಿನ ಕಿವಿ ಮುಟ್ಟಬಾರದು ಎನ್ನುವುದು ಮೊದಲ ವರ್ಷದ ಪಾಠ. ತನ್ನ ಕೈಯಿಂದ ನೀರು ಕುಡಿದದ್ದು ತನ್ನನ್ನು ಕಚ್ಚುವುದಿಲ್ಲ ಎಂದು ಅವಳು ನಂಬಿದಳು, ಅಥವಾ ಹಾಗೆ ನಂಬುವ ಸುಖ ಅವಳಿಗೆ ಬೇಕಾಗಿತ್ತು. ಚಿಮಟ ತಾಗಿತು, ನಾಯಿ ಕಚ್ಚಿತು. ಕಚ್ಚಿದ ಮರುಕ್ಷಣ ಬಿಟ್ಟು ಆ ರಕ್ತವನ್ನೇ ನೆಕ್ಕತೊಡಗಿತು, ಕಿವಿ ಹಿಂದಕ್ಕೆ ಒತ್ತಿಕೊಂಡು, ಬಾಲ ಆಡಿಸಿ. ಹುಚ್ಚು ಹಿಡಿದ ನಾಯಿ ಕ್ಷಮೆ ಕೇಳುವುದಿಲ್ಲ.

"ಮನೆಯವರ ರಕ್ತ ತೆಗೀತು," ಎಂದ ಶಾರ್ಶೆನ್, ತುಟಿಯಡಿಯ ತಂಬಾಕನ್ನು ನಾಲಿಗೆಯಿಂದ ಸರಿಸಿ. ಮಾವನನ್ನು ಅವನು ಬಾಯ್ಕೆ, ಅಣ್ಣ, ಎಂದೇ ಕರೆಯುತ್ತಿದ್ದ. "ಅಲ್ಲಿಗೆ ಮುಗೀತು ಬಾಯ್ಕೆ. ನಾನು ಹುಳು ಇರ್ಬೇಕು ಅಂದ್ಕೊಂಡು ಬಂದೆ. ಹುಳುವಾದ್ರೆ ಮದ್ದಿನಪುಡಿ ಬಾಲದ ಕೊಬ್ಬಲ್ಲಿ ಕಲಸಿ ತಿನ್ಸಿದ್ರೆ ಹೋಗ್ತದೆ. ಕಜ್ಜಿಯಾದ್ರೆ ಸೀಮೆಎಣ್ಣೆ. ಕಣ್ಣು ಬಿದ್ದಿದ್ರೆ ಅರ್ಚಾ ಸೊಪ್ಪಿನ ಹೊಗೆ ಹಾಕ್ಬಹುದು. ಇದಕ್ಕೆ ಏನಿದೆ? ಆ ನರಿ ಹ್ಯಾಗಿತ್ತು, ನೆನಪಿದ್ಯಾ? ಓಡೋ ನರೀನಾ ಅದು? ತೂಕಡಿಸ್ತಿತ್ತು."

"ತೂಕಡಿಸ್ತಿತ್ತು," ಎಂದರು ಮಾವ.

"ಮತ್ತೆ?"

"ಒಂದ್ಸಲ ನೋಡು ನೀನು. ನೋಡಿ ಹೇಳು. ಮರಿ ಇದ್ದಾಗ ಇದಕ್ಕೆ ಮಾಂಸ ಅಗಿದು ಬಾಯಿಗಿಟ್ಟಿದ್ದೀನಿ ನಾನು."

ಅದು ಅವಳಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಹಿಮ ಬಿದ್ದ ರಾತ್ರಿಗಳಲ್ಲಿ ಮಾವ ತಮ್ಮ ಕುರಿತುಪ್ಪಟದ ಕೋಟನ್ನು ಅಲ್ಗಿರ್‌ಗೆ ಹೊದಿಸುತ್ತಿದ್ದರು. ಊಟದಲ್ಲಿ ತಮ್ಮ ಪಾಲಿನಿಂದ ಮೊದಲ ತುಂಡು ಅದಕ್ಕೆ; ಸೊಸೆಗೆ ಎಲ್ಲರೂ ತಿಂದು ಮುಗಿಸಿದ ಮೇಲೆ ತಳದಲ್ಲಿ ಉಳಿದದ್ದು. ಒಮ್ಮೆ ಅವಳು ಬಾಗಿಲ ಬಳಿ ಹಿಟ್ಟು ನಾದುತ್ತಿದ್ದಾಗ ಮಾವ ನಾಯಿಯ ಹಣೆಗೆ ಹಣೆ ಹಚ್ಚಿ ಏನೋ ಪಿಸುಗುಟ್ಟಿದ್ದನ್ನು ನೋಡಿ, ಹಿಟ್ಟನ್ನು ಬೇಕಾದದ್ದಕ್ಕಿಂತ ಜೋರಾಗಿ ಗುದ್ದಿದ್ದಳು. ಆ ಗುದ್ದು ಯಾರಿಗಾಗಿತ್ತು ಎಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಎಲ್ಲರೂ ಅಂಗಳಕ್ಕೆ ಹೋದರು. ಅವಳು ಚಹಾದ ಕೆಟಲನ್ನು ಕೈಯಲ್ಲಿ ಹಿಡಿದವಳೇ ಹೊಸ್ತಿಲಲ್ಲಿ ನಿಂತಳು. ಅಲ್ಗಿರ್ ಗೂಟಕ್ಕೆ ಕಟ್ಟಿಸಿಕೊಂಡು ನಿಂತಿತ್ತು, ತಲೆ ಎಡಕ್ಕೆ. ಅದರ ಜೊತೆಯ ಎಳೆಯ ಹೆಣ್ಣುನಾಯಿ ಉಚಾರ್ ಒಲೆಗೂಡಿನ ಬಿಸಿ ಬಿಟ್ಟು ಬಂದು, ಅವಳ ಲಂಗದ ಅಂಚಿಗೆ ಮೂತಿ ಒರೆಸಿ, ಕಾಲ ಮೇಲೆ ಕೂತಿತು. ಶಾರ್ಶೆನ್ ಬೋಗುಣಿಗೆ ನೀರು ತುಂಬಿ, ನೆಲದ ಮೇಲಿಟ್ಟು, ಉದ್ದ ಕೋಲಿನಿಂದ ಅದನ್ನು ಅಲ್ಗಿರ್‌ನ ಮುಂದಕ್ಕೆ ತಳ್ಳಿದ.

"ಈಗ ಗೊತ್ತಾಗ್ತದೆ. ಹುಚ್ಚು ಇದ್ರೆ ನೀರಿಗೆ ಹೆದರ್ತದೆ."

ನಾಯಿ ನೀರನ್ನು ನೋಡಿತು. ಬಾಯಾರಿಕೆಯಿಂದ ನಾಲಿಗೆ ಹೊರಗೆ ಬಂತು. ಕತ್ತು ಸ್ವಲ್ಪ ಬಗ್ಗಿಸಿ, ಕುಂಯ್ ಎಂದು, ಹಿಂದಕ್ಕೆ ಸರಿಯಿತು. ಇನ್ನೊಮ್ಮೆ ಬಗ್ಗಿತು, ಇನ್ನೊಮ್ಮೆ ಸರಿಯಿತು. ಆಮೇಲೆ ಹೊಸ್ತಿಲ ಕಡೆ ತಿರುಗಿ ಅವಳನ್ನು ನೋಡಿತು. ನೀರು ಎಲ್ಲಿಂದ ಬರುತ್ತದೆಂದು ಅದಕ್ಕೆ ಗೊತ್ತಿತ್ತು.

ದಿಮ್ಮಿ ಅಲ್ಲೇ ಇತ್ತು, ಬೋಗುಣಿಯ ಪಕ್ಕದಲ್ಲೇ. ಹೋಗಿ ಬೋಗುಣಿಯನ್ನೆತ್ತಿ ಅದರ ಮೇಲಿಟ್ಟರೆ ಸಾಕು. ಮಾತು ಕೂಡ ಬೇಡ. ಎರಡು ಕೈ ಸಾಕು. ಮೂರನೆಯ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಹೀಗೆಯೇ ಮೇಜಿನ ಮೇಲೆ ಒಂದು ಬೀದಿನಾಯಿ ತಲೆ ವಾಲಿಸಿಕೊಂಡು ನಿಂತಿತ್ತು. ಪ್ರೊಫೆಸರು ಕನ್ನಡಕದ ಮೇಲಿಂದ ನೋಡಿ, ಹೇಳಿ ತಾಯಿ, ಏನಾಗಿದೆ ಇದಕ್ಕೆ ಎಂದರು. ಅವಳಿಗೆ ಗೊತ್ತಿತ್ತು. ಒಳಕಿವಿಯ ಕೀವು, ಹೊರಕಿವಿಯ ತುರಿಹುಳ, ಪೆಟ್ಟು, ಗೆಡ್ಡೆ, ಮಿದುಳು ಜ್ವರ, ಒಂದೊಂದನ್ನೂ ಹೇಗೆ ತಳ್ಳಿಹಾಕುವುದು, ಯಾವುದಕ್ಕೆ ತೊಳೆಯುವುದು, ಯಾವುದಕ್ಕೆ ಹನಿ, ಯಾವುದಕ್ಕೆ ಶಸ್ತ್ರಚಿಕಿತ್ಸೆ, ಎಲ್ಲ ಸಾಲಾಗಿ ನಾಲಿಗೆಯ ತುದಿಯವರೆಗೆ ಬಂದು ನಿಂತವು. ನಿಂತೇ ಇದ್ದವು. ಪಕ್ಕದ ಹುಡುಗ ಅವಳ ಉಸಿರಿನಿಂದಲೇ ಕದ್ದವನ ಹಾಗೆ ಎಲ್ಲವನ್ನೂ ಹೇಳಿದ. ಪ್ರೊಫೆಸರು ನಕ್ಕು, ನಿಮಗಿಂತ ಈ ನಾಯಿ ಹೆಚ್ಚು ಮಾತಾಡುತ್ತೆ ಎಂದರು. ಕೆಟಲಿನ ಹಿಡಿ ಗಾಯಕ್ಕೆ ಒತ್ತುತ್ತಿತ್ತು. ಈಗ ಹೋಗಿ ಬೋಗುಣಿ ಎತ್ತಿಟ್ಟರೆ ಶಾರ್ಶೆನ್ ಎಲ್ಲರ ಮುಂದೆ ಸುಳ್ಳಾಗುತ್ತಾನೆ, ಅವನನ್ನು ಕರೆದು ತಂದ ಮಾವನೂ. ಸೊಸೆ ಗಂಡಸರ ನಡುವೆ ನಡೆದುಹೋಗಿ, ನಿಮಗೆ ಗೊತ್ತಿಲ್ಲ, ಸರಿಯಿರಿ ಎಂದ ಹಾಗೆ. ಅತ್ತೆ ಓಣಿಯ ಹೆಂಗಸರನ್ನು ಕರೆಯುತ್ತಾರೆ. ಇನ್ನೊಂದು ಸಲ ಅದು ನೀರು ನೋಡಲಿ, ಆಗ ಹೋಗುತ್ತೇನೆ ಎಂದುಕೊಂಡಳು. ಅದು ನೋಡಿತು. ಇನ್ನೊಂದು ಸಲ ಎಂದುಕೊಂಡಳು.

"ಮುಟ್ಲಿಲ್ಲ," ಎಂದ ಶಾರ್ಶೆನ್. "ಇನ್ನೇನು ನೋಡ್ಬೇಕು ಬಾಯ್ಕೆ? ಬೇಕಾದ್ರೆ ನಾನೇ..."

"ನನ್ನ ನಾಯಿ. ನಾನೇ," ಎಂದರು ಮಾವ.

ಅವರು ಒಳಗೆ ಬಂದು ಗೋಡೆಯ ಬಂದೂಕು ತೆಗೆಯುವಾಗ ಅವಳು ದಾರಿ ಬಿಟ್ಟು ನಿಂತಳು. ಸೊಸೆ ಮಾವನಿಗೆ ದಾರಿ ಬಿಡಬೇಕು. ಹಗ್ಗ ಬಿಚ್ಚಿ ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದಾಗ ಅಲ್ಗಿರ್ ಎದುರಾಡದೆ ಹೋಯಿತು, ಬಂದೂಕು ಕಂಡು ಬೇಟೆಯೆಂದು ಬಾಲ ಕೂಡ ಎತ್ತಿತು. ಸದ್ದು ಕೇಳಿದಾಗ ಕೆಟಲಿನ ಮುಚ್ಚಳ ಅವಳ ಕೈಯಲ್ಲಿ ಟಣ್ಣೆಂದಿತು. ಉಚಾರ್ ಎದ್ದು ನಿಂತು, ಅವಳ ಮುಖ ನೋಡಿ, ಮತ್ತೆ ಕಾಲ ಮೇಲೆ ಕೂತಿತು.

ಅವಳಿಗೆ ಆಗ ಬಂದದ್ದು ಅಳುವಲ್ಲ, ಒಂದು ಬಗೆಯ ಬಿಡುಗಡೆ. ಇನ್ನು ಹೇಳಬೇಕಾದದ್ದು ಏನೂ ಇಲ್ಲ. ಅವಳು ಬಟ್ಟಲುಗಳನ್ನು ತೊಳೆಯಲು ಕೂತಳು.

"ಕೆಲಿನ್."

ಮಾವ ಬಾಗಿಲಲ್ಲಿ ನಿಂತಿದ್ದರು. ಮುಖದ ಒಂದು ಪಕ್ಕ ಸಣ್ಣಗೆ ಅದುರುತ್ತಿತ್ತು. "ಬಾ ಮಗಳೇ ಇಲ್ಲಿ."

ಮಗಳೇ ಎಂದರು. ಕೊಟ್ಟಿಗೆಯ ಹಿಂದೆ, ತುಳಿದ ಹಿಮದ ಮೇಲೆ, ಕುರಿತುಪ್ಪಟದ ಕೋಟು ಹೊದಿಸಿ ಮಲಗಿಸಿದ್ದರು. ಗುಂಡು ಬಲಗಡೆಯಿಂದ ಹೋಗಿತ್ತು. ಎಡಗಿವಿ ಹಾಗೆಯೇ ಇತ್ತು, ರೇಷ್ಮೆಯ ಚಿಂದಿಯ ಹಾಗೆ.

"ಅದು ನಿನ್ನ ಕಚ್ಚಿದೆ," ಎಂದರು ಮಾವ. "ನಿನಗೇನಾದ್ರೂ ಆದ್ರೆ ಎರ್ಮೆಕ್‌ಗೆ ಏನ್ ಹೇಳ್ಲಿ? ನೀನು ಓದಿದವಳು. ಮೊದಲೇ ಕೇಳ್ಬೇಕಿತ್ತು ನಿನ್ನ. ಗಂಡಸಿನ ಬುದ್ಧಿ, ಕೇಳ್ಲಿಲ್ಲ. ಈಗ ನೋಡು. ಹುಚ್ಚೇ ಹೌದಾ ನೋಡಿ ಹೇಳು."

ಶಾರ್ಶೆನ್ ಸ್ವಲ್ಪ ದೂರದಲ್ಲಿ, ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ನಿಂತಿದ್ದ. ಅತ್ತೆ ಮಾವನ ಹಿಂದೆ ನಿಂತಿದ್ದರು. ಯಾರೂ ನಗಲಿಲ್ಲ. ಅವಳು ಎಲ್ಲರಿಗೂ ಬೆನ್ನು ಮಾಡಿ ಮಂಡಿಯೂರಿದಳು. ಚಿಮಟ ಬೆಳಿಗ್ಗೆಯಿಂದ ಜೇಬಿನಲ್ಲೇ ಇತ್ತು. ಈಗ ಕಿವಿ ಒದರಲಿಲ್ಲ, ಹಲ್ಲು ಬರಲಿಲ್ಲ. ಎಷ್ಟು ಸುಲಭವಿತ್ತೆಂದರೆ ಅವಳಿಗೆ ನಾಚಿಕೆಯಾಯಿತು. ಕೀವಿನಲ್ಲಿ ನೆನೆದ ಎಳೆ ಸದ್ದಿಲ್ಲದೆ ಜಾರಿ ಬಂತು, ಗೋಧಿತೆನೆಯ ಸುಂಕಿಗಿಂತ ದಪ್ಪವಿಲ್ಲ. ಅದನ್ನು ಅಂಗೈ ಮೇಲಿಟ್ಟು ತಿರುಗಿ ತೋರಿಸಿದರೆ ಮಾವ ಅದನ್ನು ನೋಡುತ್ತಾರೆ. ಇದಕ್ಕಾಗಿಯಾ ಎನ್ನುತ್ತಾರೆ. ಆಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ, ನಿನಗೆ ಯಾವಾಗ ಗೊತ್ತಾಯಿತು ಎಂಬ ಪ್ರಶ್ನೆ. ಮುದುಕರು ತಾನು ಸಾಕಿದ್ದನ್ನು ಒಂದು ಹುಲ್ಲಿಗಾಗಿ ಕೊಂದೆ ಎಂದು ಉಳಿದ ಆಯುಷ್ಯವೆಲ್ಲ ಕೊರಗಬೇಕೇ, ಬೇಡ, ಇದು ಅವರ ಮೇಲಿನ ಕರುಣೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಕರುಣೆ ಎಂಬ ಮಾತು ಬಹಳ ಬೇಗ, ಮೊದಲೇ ಸಿದ್ಧಪಡಿಸಿಟ್ಟಿದ್ದ ಹಾಗೆ ಬಂತು. ಎಳೆಯನ್ನು ತಲೆವಸ್ತ್ರದ ಅಂಚಿನ ಮಡಿಕೆಗೆ ಸೇರಿಸಿದಳು. ಸುಮ್ಮನೆ ಕಣ್ಣಿನ ರೆಪ್ಪೆ ಎತ್ತಿ ನೋಡಿದಳು, ಅಂಗುಳ ನೋಡಿದಳು. ಕಣ್ಣಿಂದ ನೋಡಿ ಈ ರೋಗ ಹೇಳುವವರನ್ನು ಆ ಪ್ರೊಫೆಸರು ಕೋಣೆಯಿಂದಲೇ ಆಚೆ ಕಳಿಸುತ್ತಿದ್ದರು.

"ಹೌದು, ಅತಾ," ಎಂದಳು. "ಹುಚ್ಚೇ."

ತನ್ನ ದನಿ ಇಷ್ಟು ಸ್ಪಷ್ಟವಾಗಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಮಾವ ಉಸಿರು ಬಿಟ್ಟರು. ಆ ಉಸಿರು ಬಿಳಿಯಾಗಿ ಗಾಳಿಯಲ್ಲಿ ನಿಂತು ಕರಗಿತು.

"ತಲೆ ಕೊಯ್ದು ಜಿಲ್ಲೆಗೆ ಕಳಿಸ್ತಾರಲ್ಲ, ಅದೇನೋ ಪರೀಕ್ಷೆಗೆ?" ಎಂದ ಶಾರ್ಶೆನ್. ದನಿಯಲ್ಲಿ ಮರ್ಯಾದೆ ಇತ್ತು.

"ಮಿದುಳಿಗೆ ಗುಂಡು ಹೊಕ್ಕಿದೆ. ಇನ್ನು ಏನೂ ತಿಳಿಯಲ್ಲ."

"ನೋಡಿದ್ರಾ," ಎಂದ ಅವನು ಮಾವನಿಗೆ. "ಓದು ಅಂದ್ರೆ ಓದು."

ಆಗ ಉಚಾರ್ ಬಂತು. ಮೂಸುತ್ತಾ ಕೋಟಿನ ಅಂಚನ್ನು ಮೂತಿಯಿಂದ ಎತ್ತಿತು. ಅತ್ತೆ ಕಿರುಚಿ ಹಿಂದೆ ಸರಿದರು. "ಇದು! ಇದೂ ಅದರ ಜೊತೇಲೇ ತಿನ್ನೋದು, ಅದರ ಮುಖ ನೆಕ್ಕೋದು!"

ಇದನ್ನು ಅವಳು ಯೋಚಿಸಿರಲಿಲ್ಲ. ಸುಳ್ಳು ತಾನು ಹೇಳಿದಲ್ಲೇ ನಿಂತಿರುತ್ತದೆ ಎಂದುಕೊಂಡಿದ್ದಳು.

"ಕಟ್ಟಿ ಹಾಕಿ ಕೆಲವು ತಿಂಗಳು..." ಎಂದು ಶುರು ಮಾಡಿದಳು.

"ತಿಂಗಳಾ? ಓಣಿ ಮಕ್ಕಳೆಲ್ಲ ಓಡಾಡೋ ಅಂಗಳ ಇದು! ಹಗ್ಗ ಕಡ್ಕೊಂಡ್ರೆ?"

ಮಾವ ಕೈ ಎತ್ತಿ ಅತ್ತೆಯನ್ನು ಸುಮ್ಮನಾಗಿಸಿದರು. ಸೊಸೆಯ ಮಾತು ಕೇಳಲು ಹೆಂಡತಿಯನ್ನು ಸುಮ್ಮನಾಗಿಸಿದ್ದು ಆ ಮನೆಯಲ್ಲಿ ಅದೇ ಮೊದಲು. "ನೀನು ಹೇಳು ಮಗಳೇ. ಇದಕ್ಕೇನೂ ಆಗಲ್ಲ ಅಂತ ನೀನೊಬ್ಳು ಹೇಳು, ಉಳಿಸ್ತೀನಿ. ನಿನ್ನ ಮಾತೇ ಮಾತು."

ಏನೂ ಆಗಲ್ಲ. ಹೇಳಲು ಎರಡೇ ಪದ. ಯಾಕೆ ಆಗಲ್ಲ ಎಂದು ಅವರು ಕೇಳುತ್ತಾರೆ. ತಲೆವಸ್ತ್ರದ ಅಂಚಿನಲ್ಲಿ ಎಳೆ ಬಟ್ಟೆ ಚುಚ್ಚಿಕೊಂಡು ಕುತ್ತಿಗೆಗೆ ತಾಗುತ್ತಿತ್ತು. ಉಚಾರ್ ಅವಳ ಕೈಗೆ ಸುತ್ತಿದ ಬಟ್ಟೆಯನ್ನು ಮೂಸಿ, ಎಂದಿನ ಹಾಗೆ ಕಾಲ ಮೇಲೆ ಕೂರಲು ಬಂತು. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಜೊತೆಗಿದ್ದದ್ದನ್ನ ಉಳಿಸಬಾರದು ಅಂತ ಇದೆ, ಅತಾ. ಪುಸ್ತಕದಲ್ಲಿ."

ಮಾವ ಬಹಳ ಹೊತ್ತು ತಲೆಯಾಡಿಸಿದರು. "ನೀನಿದ್ದದ್ದು ಒಳ್ಳೇದಾಯ್ತು," ಎಂದು ಕೋವಿಗೆ ಇನ್ನೊಂದು ತೋಟಾ ಹುಡುಕಲು ಜೇಬಿಗೆ ಕೈ ಹಾಕಿದರು.

ಅತ್ತೆ ಅವಳ ಭುಜ ಹಿಡಿದು ಒಳಗೆ ಕರೆತಂದರು. ಸಮೋವರಿನ ಪಕ್ಕ ಅಲ್ಲ, ಮೇಲಿನ ಜಾಗದಲ್ಲಿ, ಶಾರ್ಶೆನ್ ಕೂತಿದ್ದ ಹೊದಿಕೆಯ ಮೇಲೆ ಕೂರಿಸಿದರು. ನಾಳೆ ಬೆಳಿಗ್ಗೆಯೇ ಜಿಲ್ಲಾಸ್ಪತ್ರೆಗೆ, ಸೂಜಿ ಎಷ್ಟಾದರೂ ಹಾಕಿಸಲಿ, ಕುದುರೆ ಮಾರಿಯಾದರೂ ಹಾಕಿಸೋಣ ಎಂದರು. ಕಣ್ಣೊರೆಸಿಕೊಂಡರು. ಅವಳಿಗೆ ಬೇಕಿಲ್ಲದ ಸೂಜಿಗಳು. ತಾವೇ ಸಮೋವರಿನ ಮುಂದೆ ಕೂತು ಬಟ್ಟಲಿಗೆ ಚಹಾ ಬಗ್ಗಿಸಿದರು. ಅರ್ಧಕ್ಕೂ ಕಡಿಮೆ. ತುಂಬಿಸಿ ಕೊಡುವುದು, ಕುಡಿದು ಹೊರಡು ಎನ್ನಬೇಕಾದವರಿಗೆ. ಅರ್ಧ ಕೊಡುವುದು, ಇನ್ನೂ ಇರು, ಮತ್ತೆ ಮತ್ತೆ ಬಗ್ಗಿಸಿ ಕೊಡುತ್ತೇನೆ ಎನ್ನುವವರಿಗೆ. ಈ ಮನೆಯಲ್ಲಿ ಅವಳಿಗೆ ಯಾರೂ ಅರ್ಧ ಬಟ್ಟಲು ಕೊಟ್ಟಿರಲಿಲ್ಲ.

ಬಟ್ಟಲು ಅವಳ ಮುಂದೆ, ನೆಲದ ಬಟ್ಟೆಯ ಮೇಲೆ ಇತ್ತು. ಆವಿ ಏಳುತ್ತಿತ್ತು. ಅವಳು ಕೈ ಚಾಚಲಿಲ್ಲ. ಕಿವಿ ಹೊರಗೆ ಇತ್ತು. ತಲೆ ತನಗೆ ತಿಳಿಯದೆ ಕಿಟಕಿಯ ಕಡೆ, ಎಡಕ್ಕೆ ವಾಲಿತ್ತು.

"ಕುಡಿ ಮಗಳೇ."

ಸದ್ದು ಕೇಳಿತು. ಬಟ್ಟಲಿನ ಚಹಾದಲ್ಲಿ ಒಂದು ಸಣ್ಣ ಉಂಗುರ ಎದ್ದು ಅಂಚಿಗೆ ಹೋಗಿ ಅಳಿಸಿಹೋಯಿತು. ಅವಳಿಗೆ ಕೈ ಎತ್ತಲಾಗಲಿಲ್ಲ.

"ಕುಡೀತಿಲ್ಲ," ಎಂದ ಶಾರ್ಶೆನ್, ಬಾಗಿಲಲ್ಲಿ ನಿಂತು, ಪಿಸುದನಿಯಲ್ಲಿ.

ಅತ್ತೆಯ ಮುಖದಿಂದ ಅಳು ಇಳಿದುಹೋಯಿತು. ಅವರು ಕೂತಲ್ಲಿಂದಲೇ ನಿಧಾನವಾಗಿ ಹಿಂದಕ್ಕೆ ಸರಿದರು. ಮಾವ ಒಳಗೆ ಬಂದು ಹೊಸ್ತಿಲಲ್ಲೇ ನಿಂತರು, ಬಂದೂಕು ಇನ್ನೂ ಕೈಯಲ್ಲಿತ್ತು. ಮೂವರೂ ಅವಳನ್ನು ನೋಡುತ್ತಿದ್ದರು. ಆ ನೋಟ ಅಲ್ಗಿರ್‌ನ ಮೇಲೆ ನೆಟ್ಟಿದ್ದನ್ನು ಅವಳು ಸ್ವಲ್ಪ ಹೊತ್ತಿನ ಹಿಂದೆ ಇದೇ ಹೊಸ್ತಿಲಿನಿಂದ ಕಂಡಿದ್ದಳು. ಅತ್ತೆ ಕೈ ಪೂರಾ ಚಾಚಿ, ಸೌಟಿನ ಹಿಡಿಯಿಂದ ಬಟ್ಟಲನ್ನು ಅವಳ ಕಡೆಗೆ ಸ್ವಲ್ಪ ತಳ್ಳಿದರು.

ಯಾರೂ ಅದನ್ನು ಎತ್ತಿ ಕೊಡುವುದಿಲ್ಲ.

ಜಿಪಾರ್ ಕುತ್ತಿಗೆ ಬಗ್ಗಿಸಿದಳು. ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಗುಟುಕು ಗುಟುಕಾಗಿ, ಎಲ್ಲರಿಗೂ ಗಂಟಲು ಕಾಣುವ ಹಾಗೆ ಕುಡಿದಳು. ತಳದ ಎಲೆಯ ಚೂರನ್ನೂ ಬಿಡಲಿಲ್ಲ.

"ಕುಡಿದ್ಲು," ಎಂದು ಅತ್ತೆ ನಕ್ಕರು, ಶಾರ್ಶೆನ್ ನಕ್ಕ. ಮಾವ ಬಂದೂಕನ್ನು ಗೋಡೆಗೆ ತೂಗುಹಾಕಿದರು.

ಅವಳು ಖಾಲಿ ಬಟ್ಟಲನ್ನು ಇನ್ನೊಂದು ಸಲಕ್ಕಾಗಿ ಮುಂದೆ ಚಾಚಿದಳು.